ಕೆಂಟಕಿಯ ನೋಹನ ಹಡಗೋ, ಕ್ರಿಯೇಷನ್ ಮ್ಯೂಸಿಯಮ್ಮೋ? ನಂಬದವಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ ಕ್ರಿಯೇಷನ್ ಮ್ಯೂಸಿಯಂಗೆ ಹಾಕಿ. ನೋಹನ ಹಡಗು, ಅಂದರೆ ಬೈಬಲ್ ಕತೆಯ ಮಹಾಪ್ರಳಯದಲ್ಲಿ ನೋಹ ಪ್ರಾಣಿಗಳನ್ನು ಹತ್ತಿಸಿಕೊಂಡ ಹಡಗಿನ ಮಾದರಿ, ದೊಡ್ಡದು, ಒಪ್ಪುತ್ತೇನೆ. ಆದರೆ ನನ್ನ ಥರ ನಂಬಿಕೆ ಇಲ್ಲದೆ, ಸುಮ್ನೆ ಕುತೂಹಲಕ್ಕೆ ಹೋಗುವವರಿಗೆ ಅಲ್ಲಿ ತಲೆಗೆ ಕೆಲಸ ಕಡಿಮೆ.

ಎರಡೂ ಅಮೆರಿಕದ ಕೆಂಟಕಿಯಲ್ಲಿವೆ. ಸಿನ್ಸಿನಾಟಿಯಲ್ಲಿರುವ ನಮಗೆ ಒಹಾಯೋ ನದಿ ದಾಟಿದರೆ ಆಯಿತು. ಕಟ್ಟಿಸಿದ್ದು ಒಂದೇ ಕ್ರೈಸ್ತ ಸಂಸ್ಥೆ, ಆನ್ಸರ್ಸ್ ಇನ್ ಜೆನೆಸಿಸ್. ಮ್ಯೂಸಿಯಂ 2007ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ತೆರೆಯಿತು, ಹಡಗು 2016ರಲ್ಲಿ ವಿಲಿಯಮ್ಸ್‌ಟೌನ್‌ನಲ್ಲಿ. ಬೈಬಲ್‌ನ ಸೃಷ್ಟಿಕತೆ ಅಕ್ಷರ ಅಕ್ಷರವೂ ಇತಿಹಾಸ, ಭೂಮಿಗೆ ಸುಮಾರು 6,000 ವರ್ಷ, ಡೈನೋಸಾರ್ ಮತ್ತು ಮನುಷ್ಯ ಒಟ್ಟಿಗೇ ಬದುಕಿದ್ದರು ಎನ್ನುವುದು ಅವರ ವಾದ.

ಈಗ ನಮ್ಮ ಪ್ಯಾಕೇಜ್ ಕತೆ. ಊರಿನಿಂದ ಅತ್ತೆ, ಮಾವ, ಜೊತೆಗೆ ಮಾವನ ತಂಗಿ ಮನೆಯವರು ಬಂದಿದ್ದರು. ಒಂದು ಕಾರಿನಲ್ಲಿ ಹಿಡಿಸುವುದಿಲ್ಲ ಅಂತ ವ್ಯಾನು, ಟಿಕೆಟ್ಟು ಎರಡನ್ನೂ ಸೇರಿಸಿ ಕೊಡುವ ಒಬ್ಬ ಟೂರ್‌ನವನಿಗೆ ದುಡ್ಡು ಕಟ್ಟಿದೆವು. "ಎರಡೂ ಒಂದೇ ದಿನದಲ್ಲಿ ಆರಾಮಾಗಿ ಮುಗಿಯುತ್ತೆ" ಅಂದ. ಎರಡರ ನಡುವೆ ಸುಮಾರು 65 ಕಿಲೋಮೀಟರ್ ಇದೆ ಅಂತ ಅವನ ಬಾಯಲ್ಲಿ ಬರಲಿಲ್ಲ.

ವ್ಯಾನ್ ಒಂದು ಗಂಟೆ ತಡವಾಗಿ ಬಂತು. ಡ್ರೈವರ್ ಮೊದಲು ಹಡಗಿಗೇ ಕರೆದುಕೊಂಡು ಹೋದ. ಅಲ್ಲಿ ಗಾಡಿ ನಿಲ್ಲಿಸಿ, ಅವರ ಬಸ್ ಹತ್ತಿ, ಇಳಿದು ನಡೆದು, ಆಮೇಲೆ ಮೂರು ಅಂತಸ್ತು. ಅತ್ತೆಗೆ ಮಂಡಿನೋವು. ಮೊಸರನ್ನದ ಡಬ್ಬಿ ವ್ಯಾನಿನಲ್ಲಿ, ನಾವು ಹಡಗಿನಲ್ಲಿ. ಊಟ ಮುಗಿಸಿ ಮ್ಯೂಸಿಯಂ ಸೇರುವಾಗ ಸಂಜೆ ಹತ್ತಿರ. ಓಡಿಕೊಂಡು ಆದಾಮ ಹವ್ವರ ಏದೆನ್ ತೋಟ ತೋರಿಸುವ ಭಾಗದವರೆಗೆ ಹೋದೆವು ಅಷ್ಟೇ, ಮುಚ್ಚುವ ಹೊತ್ತಾಯಿತು.

ಟೂರ್‌ನವನಿಗೆ ಫೋನ್ ಮಾಡಿದರೆ "ಒಳಗೆ ಹೋದಿರಲ್ಲ ಮೇಡಂ, ಇನ್ನೇನು" ಅಂದ. ಒಂದು ಡಾಲರೂ ವಾಪಸ್ ಬರಲಿಲ್ಲ. ನನಗೋ ಅರ್ಧಕ್ಕೆ ಬಿಟ್ಟ ಜಗಳದ ಹಾಗೆ ಅದೇ ತಲೆಯಲ್ಲಿ. ಮುಂದೊಂದು ಶನಿವಾರ ನಮ್ಮದೇ ಕಾರಿನಲ್ಲಿ ಮಾವನನ್ನು ಕೂರಿಸಿಕೊಂಡು ಮತ್ತೆ ಟಿಕೆಟ್ ತೆಗೆದೆ. ನಂಬದವಳೇ ಆ ಮ್ಯೂಸಿಯಂಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಅಂತ ನನ್ನ ಗಂಡ ಈಗಲೂ ರೇಗಿಸುತ್ತಾರೆ.

ಹಡಗಿನ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. 510 ಅಡಿ ಉದ್ದದ ಮರದ ಕೆಲಸ ಅದು, ಹಳೆಯ ಕಾಲದ ಥರ ಬದುಕುವ ಆಮಿಷ್ ಎಂಬ ಕ್ರೈಸ್ತ ಪಂಗಡದ ಬಡಗಿಗಳ ಕೈಯೂ ಇದೆ. ಒಳಗಿನ ದಿಮ್ಮಿ ಕಂಬಗಳನ್ನು ಮಾವ ಸವರಿ ಸವರಿ ನೋಡಿದರು. ಹಿಂಬದಿಗೆ ಹೋದರೆ ಮಾತ್ರ ಕಟ್ಟಡದ ಗೋಪುರಗಳು ಅಂಟಿಕೊಂಡಿವೆ. ತೇಲುವ ಹಡಗಲ್ಲ, ಹಡಗಿನ ಮುಖ ಇರುವ ಕಟ್ಟಡ. ಒಳಗೆ ಸಾಲು ಸಾಲು ಬೋನು, ಮಳೆ ಗುಡುಗಿನ ಸದ್ದು, ಮರಿ ಡೈನೋಸಾರ್‌ಗಳ ಗೊಂಬೆ. ನೋಹನ ಮನೆಯ 8 ಜನ, ಸುಮಾರು 7,000 ಪ್ರಾಣಿ ಅಂತ ನಾನು ಓದಿ ಹೇಳಿದೆ. ಊರಲ್ಲಿ ಹಸು ಕಟ್ಟಿದ ಅತ್ತೆ ತಕ್ಷಣ ಕೇಳಿದರು: "ಸೆಗಣಿ ಬಾಚೋರು ಯಾರಮ್ಮ? ನಾಲ್ಕು ಹಸುವಿಗೇ ನಂಗೆ ಬೆಳಿಗ್ಗೆ ಪೂರ್ತಿ ಹೋಗ್ತಿತ್ತು." ಅದಕ್ಕೂ ಅಲ್ಲಿ ಒಂದು ಪ್ರದರ್ಶನ ಇದೆ. ಅತ್ತೆಗೆ ಒಪ್ಪಿಗೆಯಾಗಲಿಲ್ಲ.

ನನಗೆ ಸಿಕ್ಕಿದ ಒಂದೇ ಒಂದು ಗಟ್ಟಿ ಪಾಯಿಂಟ್ ಕೂಡ ಲೆಕ್ಕದ್ದೇ. ಎಲ್ಲ ಜೀವಿಗಳೂ ಹತ್ತಲಿಲ್ಲ, ಸುಮಾರು 1,400 ಬಗೆಗಳು ಮಾತ್ರ ಹತ್ತಿದವು, ಉಳಿದದ್ದೆಲ್ಲ ಅವುಗಳಿಂದಲೇ ಆಮೇಲೆ ಬಂತು ಅನ್ನುತ್ತಾರೆ. ಅಂದರೆ ನಾಯಿಯ ಬಗೆಯ ಒಂದು ಜೋಡಿಯಿಂದ ತೋಳ, ನರಿ, ನಮ್ಮ ಬೀದಿ ನಾಯಿ ಎಲ್ಲ ನಾಲ್ಕು ಸಾವಿರ ಚಿಲ್ಲರೆ ವರ್ಷದಲ್ಲಿ ಆಗಬೇಕು. ವಿಕಾಸವಾದ ಬೇಡ ಅನ್ನುವವರಿಗೆ ಡಾರ್ವಿನ್ ಕೂಡ ಹೆದರುವಷ್ಟು ವೇಗದ ವಿಕಾಸ ಬೇಕಾಯಿತು ಅಲ್ವಾ?

ಮ್ಯೂಸಿಯಂ ಬೇರೆ ಥರ. ಅಲ್ಲಿ ವಾದವನ್ನು ಮೇಜಿನ ಮೇಲೆ ಇಡುತ್ತಾರೆ. ಒಂದು ಕಡೆ ಇಬ್ಬರು ವಿಜ್ಞಾನಿಗಳ ಗೊಂಬೆಗಳು ಒಂದೇ ಡೈನೋಸಾರ್ ಎಲುಬನ್ನು ಅಗೆಯುತ್ತಿವೆ. ಒಬ್ಬ ಕೋಟಿ ಕೋಟಿ ವರ್ಷ ಹಳೆಯದು ಅನ್ನುತ್ತಾನೆ, ಇನ್ನೊಬ್ಬ ಪ್ರಳಯದಲ್ಲಿ ಹೂತದ್ದು ಅನ್ನುತ್ತಾನೆ. ಎಲುಬು ಒಂದೇ, ಶುರು ಮಾಡುವ ಜಾಗ ಬೇರೆ, ಅಷ್ಟೇ ಅನ್ನುವುದು ಅವರ ಮಾತು. ಕೇಳಲು ಚೆನ್ನಾಗಿದೆ. ಆದರೆ ಮೊದಲನೆಯವನು ನಾಳೆ ಹೊಸ ಸಾಕ್ಷಿ ಸಿಕ್ಕರೆ ಮಾತು ಬದಲಾಯಿಸಬಹುದು, ಎರಡನೆಯವನು ಬದಲಾಯಿಸುವ ಹಾಗೇ ಇಲ್ಲ. ಆ ವ್ಯತ್ಯಾಸವನ್ನು ಅಲ್ಲಿ ಹೇಳುವುದಿಲ್ಲ. ನಾನು ಅಲ್ಲೇ ತುಂಬಾ ಹೊತ್ತು ನಿಂತೆ. ಹಡಗಿನಲ್ಲಿ ಹೀಗೆ ನಿಲ್ಲಿಸುವ ಜಾಗ ಹೆಚ್ಚು ಸಿಗಲಿಲ್ಲ.

ಒಳಗೆ ಅಲೋಸಾರಸ್ ಎಂಬ ಡೈನೋಸಾರ್‌ನ ನಿಜವಾದ ಅಸ್ಥಿಪಂಜರ ಇದೆ. ಅದೊಂದಕ್ಕೇ ಹೋಗಬಹುದು. ಪಕ್ಕದ ಬರಹವನ್ನು ಓದುವುದು ಬಿಡುವುದು ನಿಮ್ಮಿಷ್ಟ.

ಮಾವನ ಕತೆ ಬೇರೆಯೇ. ದಿನಾ ಸಂಕಲ್ಪ ಹೇಳಿ ಪೂಜೆ ಮಾಡುವವರು. 6,000 ವರ್ಷ ಅಂದಾಗ ನಕ್ಕುಬಿಟ್ಟರು. "ಅಲ್ಲಮ್ಮಾ, ನಮ್ಮ ಕಲಿಯುಗ ಶುರುವಾಗಿಯೇ 5,000 ವರ್ಷ ದಾಟಿತಲ್ಲ!" ಕಲಿಯುಗದ ಲೆಕ್ಕ ಕ್ರಿ.ಪೂ. 3102ರಿಂದ. 17ನೇ ಶತಮಾನದ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಬೈಬಲ್ ಓದಿ ಹಾಕಿದ ಹಳೆಯ ಲೆಕ್ಕದಲ್ಲಿ ನೋಹನ ಪ್ರಳಯ ಕ್ರಿ.ಪೂ. 2348. ಅದು ಹರಪ್ಪ, ಮೊಹೆಂಜೊದಾರೊ ಊರುಗಳು ತುಂಬಿ ನಡೆಯುತ್ತಿದ್ದ ಕಾಲ. ಲೋಕವೆಲ್ಲ ಮುಳುಗಿದ್ದರೆ ಅವರ ಚರಂಡಿಗಾದರೂ ಗೊತ್ತಾಗಬೇಕಿತ್ತು. ನಾನು ಇದನ್ನು ಹೇಳಿದಾಗ ಮಾವನಿಗೆ ಭಾರಿ ಖುಷಿ.

ಆ ಖುಷಿಯಲ್ಲೇ ಇನ್ನೊಂದು ಕೇಳಿದೆ: "ಮತ್ತೆ ಮನುವಿನ ದೋಣಿ, ಮತ್ಸ್ಯಾವತಾರ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಬೇರೆ" ಅಂದರು. ಆಮೇಲೆ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನಿಗಳು ಭೂಮಿಗೆ ಹೇಳುವುದು ಸುಮಾರು 454 ಕೋಟಿ, ನೋಡು ಎಷ್ಟು ಹತ್ತಿರ ಅಂತ ಹೊಸ ವಾದ ತೆಗೆದರು. ಅಂಕಿ ಹತ್ತಿರ ಬಂದ ಮಾತ್ರಕ್ಕೆ ಅಳೆದು ಹೇಳಿದರು ಅಂತ ಆಗಲ್ಲ ಮಾವ ಅಂದೆ. ಮನೆ ಸೇರುವವರೆಗೂ ಅದೇ ಚರ್ಚೆ. ಟಿಕೆಟ್ ದುಡ್ಡು ಅಲ್ಲಿಗೇ ವಸೂಲಾಯಿತು ಅಂದುಕೊಂಡೆ.

ಉಳಿದದ್ದು ಚುಟುಕಾಗಿ. ಟಿಕೆಟ್ ದರ ಹಡಗಿಗೇ ಜಾಸ್ತಿ, ಅಲ್ಲಿ ಪಾರ್ಕಿಂಗ್‌ಗೆ ಬೇರೆ ದುಡ್ಡು. ಎರಡೂ ಕಡೆ ಸಿಬ್ಬಂದಿ ತುಂಬಾ ಸೌಮ್ಯ, ನಂಬುತ್ತೀರಾ ಅಂತ ಯಾರೂ ಕೇಳಲಿಲ್ಲ. ಮರಗೆಲಸದ ಹುಚ್ಚು ಇರುವವರು, ಚಿಕ್ಕ ಮಕ್ಕಳಿರುವವರು ಹಡಗನ್ನೇ ಇಷ್ಟಪಡಬಹುದು.

ಬಜೆಟ್ ಬಿಗಿ ಇದ್ದರೆ ಮೂರನೆಯದೂ ಇದೆ. ಮ್ಯೂಸಿಯಂ ಇರುವ ಬೂನ್ ಕೌಂಟಿಯಲ್ಲೇ ಬಿಗ್ ಬೋನ್ ಲಿಕ್ ಎಂಬ ಸರ್ಕಾರಿ ಪಾರ್ಕ್. ಉಪ್ಪುನೀರಿನ ಊಟೆಗೆ ಬಂದು ಕೆಸರಲ್ಲಿ ಸಿಕ್ಕಿ ಸತ್ತ ಮ್ಯಾಮತ್, ಮ್ಯಾಸ್ಟಡಾನ್ ಎಂಬ ಆನೆಯಂಥ, ಈಗ ಅಳಿದುಹೋದ ಪ್ರಾಣಿಗಳ ಎಲುಬು ಸಿಕ್ಕಿದ ಜಾಗ. 1807ರಲ್ಲಿ ಅನ್ವೇಷಕ ವಿಲಿಯಂ ಕ್ಲಾರ್ಕ್ ಇಲ್ಲಿ ಅಗೆಸಿ ಆಗಿನ ಅಮೆರಿಕದ ಅಧ್ಯಕ್ಷ ಜೆಫರ್ಸನ್‌ಗೆ ಎಲುಬು ಕಳಿಸಿದ್ದ. ಜೀವಿಯೊಂದು ಪೂರ್ತಿ ಅಳಿದುಹೋಗುತ್ತದೆ ಅಂತ ಒಪ್ಪುವುದು ಆ ಜೆಫರ್ಸನ್‌ಗೇ ಕಷ್ಟವಾಗಿತ್ತು. ಪಶ್ಚಿಮದ ಕಾಡಿನಲ್ಲಿ ಎಲ್ಲೋ ಮ್ಯಾಮತ್ ಇನ್ನೂ ಇರಬಹುದು ಅಂದುಕೊಂಡಿದ್ದರು. ಈಗ ಅಲ್ಲಿ ಕಾಡೆಮ್ಮೆಯ ಥರದ ಬೈಸನ್ ಹಿಂಡು ಮೇಯುತ್ತದೆ. ಈ ಭಾಗದಲ್ಲಿ ರಸ್ತೆಗೆ ಕಡಿದ ಗುಡ್ಡದ ಕಲ್ಲಿನಲ್ಲೂ ಸುಮಾರು 45 ಕೋಟಿ ವರ್ಷ ಹಳೆಯ ಸಮುದ್ರದ ಚಿಪ್ಪುಗಳು ಕಾಣುತ್ತವೆ. ಅದಕ್ಕೆ ಟಿಕೆಟ್ ಇಲ್ಲ.

ಮುಂದಿನ ಬೇಸಿಗೆಗೆ ನನ್ನ ಅಪ್ಪ ಅಮ್ಮ ಬರುತ್ತಾರೆ. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಬಿಗ್ ಬೋನ್ ಲಿಕ್, ನಮ್ಮದೇ ಕಾರು. ಹಡಗು ನೋಡಲೇಬೇಕು ಅಂದರೆ ನನ್ನ ಗಂಡ ಕರೆದುಕೊಂಡು ಹೋಗಲಿ.