ರಂಗನತಿಟ್ಟು: ದೋಣಿ ಹತ್ತದೆ ಮರಳಬೇಡಿ

ರಂಗನತಿಟ್ಟು ಪಕ್ಷಿಧಾಮಕ್ಕೆ ನಾನು ಮೊದಲ ಸಲ ಹೋದದ್ದು ಊರಿನಿಂದ ಬಂದಿದ್ದ ನೆಂಟರೊಂದಿಗೆ, ಬಾಡಿಗೆ ವ್ಯಾನಿನಲ್ಲಿ. ಶ್ರೀರಂಗಪಟ್ಟಣದ ದೇವಸ್ಥಾನ, ದರಿಯಾ ದೌಲತ್, ಕನ್ನಂಬಾಡಿ ಕಟ್ಟೆ ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆಂದು ಒಪ್ಪಿಕೊಂಡಿದ್ದ ಪ್ರವಾಸದವರು ನಮ್ಮನ್ನು ಇಲ್ಲಿ ಇಳಿಸಿದಾಗ ಮಧ್ಯಾಹ್ನ ಒಂದೂವರೆಯಾಗಿತ್ತು. ಮುಕ್ಕಾಲು ಗಂಟೆಯಲ್ಲಿ ವಾಪಸಾಗಬೇಕೆಂಬ ಕರಾರು ಬೇರೆ. ದೋಣಿಯ ಸರದಿ ಉದ್ದವಿತ್ತು. ದಡದಲ್ಲಿ ನಿಂತು ದೂರದ ಮರಗಳ ಮೇಲಿನ ಬಿಳಿ ಚುಕ್ಕೆಗಳನ್ನು ನೋಡಿ, ಎಳನೀರು ಕುಡಿದು ಹೊರಟೆವು. ‘ಇಷ್ಟೇನಾ?’ ಎಂದು ಅತ್ತೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಮೈಸೂರಿನಿಂದ ಸ್ಕೂಟರಿನಲ್ಲೇ ಹೊರಟು, ಟಿಕೆಟ್ ಕಿಟಕಿ ತೆರೆಯುವ ಹೊತ್ತಿಗೆ ತಲುಪಿ, ನೇರವಾಗಿ ದೋಣಿಗೆ ಹೋದ ಮೇಲೆ ಆ ಅಭಿಪ್ರಾಯವನ್ನು ಹಿಂದಕ್ಕೆ ಪಡೆಯಬೇಕಾಯಿತು. ಇಪ್ಪತ್ತು ಕಿಲೋಮೀಟರಿಗೂ ಕಡಿಮೆಯ ದಾರಿ ಇದು. ಅಂಬಿಗರು ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿಯನ್ನು ಹೊಳೆಯ ನಡುವಿನ ತಿಟ್ಟಿನ ಪಕ್ಕಕ್ಕೆ ತೇಲಲು ಬಿಟ್ಟಾಗ, ತಲೆಯ ಮೇಲಿನ ಕೊಂಬೆಯಲ್ಲಿ ಹೆಜ್ಜಾರ್ಲೆಯ (ಪೆಲಿಕನ್) ಮರಿಯೊಂದು ತಾಯಿಯ ಕೊಕ್ಕಿನ ಚೀಲದೊಳಕ್ಕೆ ಕುತ್ತಿಗೆಯವರೆಗೂ ತೂರಿಕೊಂಡು ಮೀನಿಗಾಗಿ ಒದ್ದಾಡುತ್ತಿತ್ತು. ಪಕ್ಕದಲ್ಲೇ ಬಣ್ಣದ ಕೊಕ್ಕರೆಗಳ ಗೂಡುಗಳು, ಅವುಗಳ ಕೆಳಗೆ ಹಿಕ್ಕೆಯಿಂದ ಸುಣ್ಣ ಬಳಿದಂತಾದ ಎಲೆಗಳು, ಮೂಗಿಗೆ ಹಸಿ ಮೀನಿನ ಘಾಟು. ಮುಂದಿನ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಅದು ಬೆದರಿಕೆಯಲ್ಲ, ಮೈ ಕಾವನ್ನು ತಗ್ಗಿಸಿಕೊಳ್ಳುವ ರೀತಿ ಎಂದು ಅಂಬಿಗರು ಹೇಳಿದರೂ, ಅಂಚಿನಲ್ಲಿ ಕುಳಿತಿದ್ದವರೆಲ್ಲ ಕೈಗಳನ್ನು ಒಳಕ್ಕೆಳೆದುಕೊಂಡರು. ನಾನೂ ಎಳೆದುಕೊಂಡೆ.

ಹಕ್ಕಿಗಳು ಈ ಜಾಗವನ್ನೇ ಆರಿಸಿಕೊಂಡ ಕಾರಣವೂ ದೋಣಿಯಲ್ಲಿ ಕುಳಿತಾಗಲೇ ಸ್ಪಷ್ಟವಾಗುತ್ತದೆ. 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಾಗಿ ಮೈದಳೆದ ಈ ತಿಟ್ಟುಗಳ ಸುತ್ತಲೂ ನೀರು, ನೀರಿನಲ್ಲಿ ಮೊಸಳೆ. ನೆಲದ ಮೇಲೆ ಓಡಾಡುವ ಬೇಟೆಗಾರ ಪ್ರಾಣಿಗಳಿಗೆ ಗೂಡಿನ ಬಳಿ ಸುಳಿಯುವುದು ಸುಲಭವಲ್ಲ. ಮರಿಗಳಿಗೆ ಬೇಕಾದ ಮೀನು ಹೊಳೆಯಲ್ಲೇ ಇದೆ, ಬಸವನಹುಳು ನಾಲೆ ನೀರಿನ ಗದ್ದೆಗಳಲ್ಲಿ ಸಿಗುತ್ತದೆ. ಬಾಯ್ಕಳಕವೆಂಬ ಕೊಕ್ಕರೆಯ ಕೊಕ್ಕಿನ ನಡುವೆ ಇರುವ ಸಂದು ಈ ಬಸವನಹುಳು ತಿನ್ನುವುದಕ್ಕೇ ಒಗ್ಗಿಕೊಂಡದ್ದು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು.

ದೋಣಿಯ ಸುತ್ತು ನನಗೆ ಬಹಳ ಚಿಕ್ಕದೆನಿಸಿತು. ಇಳಿದವನು ಮತ್ತೆ ಟಿಕೆಟ್ ಕೊಂಡು ಎರಡನೆಯ ಸುತ್ತು ಹೋದೆ. ಆ ಸಲ ನಮ್ಮೊಂದಿಗಿದ್ದ ಗುಂಪೊಂದು ಮೊಬೈಲಿನಲ್ಲಿ ಹಾಡು ಹಾಕಿತು. ಅಂಬಿಗರು ಎರಡು ಸಲ ಗದರಿಸಿದ ಮೇಲೆ ಹಾಡೇನೋ ನಿಂತಿತು, ಆದರೆ ಅಷ್ಟರಲ್ಲಿ ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳು ಹಾರಿಹೋಗಿದ್ದವು. ಸಾಧ್ಯವಾದರೆ ವಾರದ ದಿನವೇ ಹೋಗುವುದು ಲೇಸು.

ಗೂಡು ಮತ್ತು ಮರಿಗಳನ್ನು ನೋಡಬೇಕೆನ್ನುವವರಿಗೆ ಜನವರಿಯಿಂದ ಮೇವರೆಗಿನ ತಿಂಗಳುಗಳು ಸೂಕ್ತ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ವಿಹಾರವನ್ನು ನಿಲ್ಲಿಸುತ್ತಾರೆ, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ದೋಣಿಯಲ್ಲಿ ಅದರ ಅಗತ್ಯ ಅಷ್ಟಾಗಿ ಬೀಳದಿದ್ದರೂ, ದಡದ ಬಿದಿರುಮೆಳೆಗಳ ನೆರಳಿನಲ್ಲಿ ಕುಳಿತಾಗ ಬೇಕೇ ಬೇಕು. ಈ ಬೇಸಗೆಯಲ್ಲಿ ಅತ್ತೆ ಮತ್ತೆ ಬರುತ್ತಿದ್ದಾರೆ. ಈ ಸಲ ವ್ಯಾನು ಬೇಡವೆಂದು ಮೊದಲೇ ಹೇಳಿದ್ದೇನೆ.