ಇಂಡಿಯನ್ ಕಾನೂನ್ ವೆಬ್‌ಸೈಟ್: ‘ದೇಶದ್ರೋಹಿ’ ಅನ್ನುವ ಮೊದಲು ಇಲ್ಲಿ ಹುಡುಕಿ

ಸರ್ಕಾರವನ್ನು ಟೀಕಿಸಿದವರನ್ನೆಲ್ಲ ಸುಮ್ನೆ ದೇಶದ್ರೋಹಿ ಅನ್ನುವವರಿಗೆ ಉತ್ತರ ಬೇಕಿದ್ದರೆ ಕೋರ್ಟ್ ತೀರ್ಪುಗಳನ್ನು ಹುಡುಕಿ ಓದಬಹುದಾದ ಈ ಸೈಟ್ ನೋಡಿ. ತೀರ್ಪು ಓದಲು ದುಡ್ಡು ಕೊಡಬೇಕಿಲ್ಲ. ಹಿಂಸೆಗೆ ಪ್ರಚೋದನೆ ಇಲ್ಲದ ಟೀಕೆ, ಎಷ್ಟೇ ಕಟುವಾಗಿರಲಿ, ರಾಜದ್ರೋಹವಲ್ಲ ಅಂತ ಸುಪ್ರೀಂ ಕೋರ್ಟ್ 1962ರ ಕೇದಾರನಾಥ್ ಸಿಂಗ್ ಪ್ರಕರಣದಲ್ಲೇ ಹೇಳಿದೆ.

ನನಗೆ ಜಾಸ್ತಿ ಇಷ್ಟವಾದದ್ದು 1986ರ ಬಿಜೋ ಇಮ್ಯಾನುಯೆಲ್ ತೀರ್ಪು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ ಅಷ್ಟೇ, ಅದಕ್ಕೇ ಅವರನ್ನು ಶಾಲೆಯಿಂದ ಹೊರಹಾಕಿದ್ದರು. ವಾಪಸ್ ಸೇರಿಸಿಕೊಳ್ಳಿ ಅಂತ ಕೋರ್ಟ್ ಹೇಳಿತು. ಎಷ್ಟು ದೊಡ್ಡ ಮಾತು ಅಲ್ವಾ?

ತೀರ್ಪುಗಳ ಇಂಗ್ಲಿಷ್ ಸ್ವಲ್ಪ ಕಷ್ಟ. ಆದರೂ ಓದಿ. 2024ರ ಜುಲೈನಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ರಾಜದ್ರೋಹದ ಸೆಕ್ಷನ್ 124ಎ ಹೋಗಿ, ಹೊಸ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್ ಬಂದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.