ಒಂದೇ ಬಗೆಯ ಕೆಲಸಗಳ ರೆಸ್ಯೂಮೆಗೆ ಗೂಗಲ್ ಡಾಕ್ಸ್ ಟೆಂಪ್ಲೇಟ್: ಎಲ್ಲಿ ಸಾಕು, ಎಲ್ಲಿ ಸಾಲದು

ಗೂಗಲ್ ಡಾಕ್ಸ್‌ನ ಟೆಂಪ್ಲೇಟ್ ಗ್ಯಾಲರಿಯಲ್ಲಿ ಸ್ವಿಸ್, ಸೆರಿಫ್, ಕೋರಲ್, ಸ್ಪಿಯರ್‌ಮಿಂಟ್, ಮಾಡರ್ನ್ ರೈಟರ್ ಎಂಬ ರೆಸ್ಯೂಮೆ ವಿನ್ಯಾಸಗಳು ಉಚಿತವಾಗಿ ಸಿಗುತ್ತವೆ. ಬೇರೆ ಬೇರೆ ಹುದ್ದೆಗಳಲ್ಲಿ ದುಡಿದವರಿಗೆ ಇವು ಧಾರಾಳವಾಗಿ ಸಾಕು. ಮೂರ್ನಾಲ್ಕು ಕಡೆ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದವರು ಮಾತ್ರ ಇದ್ದ ಹಾಗೇ ತುಂಬಬಾರದು. ಪ್ರತಿ ಕೆಲಸದ ಕೆಳಗೂ ವಿವರಣೆಗೆಂದು ಜಾಗ ಬಿಟ್ಟಿರುತ್ತಾರೆ. ಅದನ್ನು ತುಂಬಲು ಹೊರಟರೆ ಒಂದೇ ಸಾಲು ಮೂರು ಸಲ ಬಂದು ಕೂರುತ್ತದೆ, ಓದುವವರು ಎರಡನೆಯದಕ್ಕೇ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ.

ಇವುಗಳಲ್ಲಿ ಆರಿಸಬೇಕಾದ್ದು ಒಂದೇ ಕಾಲಂನ ಸ್ಪಿಯರ್‌ಮಿಂಟ್. ಸೆರಿಫ್ ನೋಡಲು ಚಂದ, ಆದರೆ ಅದು ಎರಡು ಕಾಲಂನದು. ಕೌಶಲಗಳಿಗೆ ಬಲಗಡೆ ಸಿಗುವುದು ಕಿರಿದಾದ ಪಟ್ಟಿ ಮಾತ್ರ, ಮತ್ತು ಅರ್ಜಿಗಳನ್ನು ಜಾಲಾಡುವ ಕೆಲವು ಸಾಫ್ಟ್‌ವೇರ್‌ಗಳು ಎರಡೂ ಕಾಲಂಗಳ ಪಠ್ಯವನ್ನು ಕಲಸಿಬಿಡುತ್ತವೆ. ಒಂದೇ ಬಗೆಯ ಕೆಲಸ ಮಾಡಿದವರಿಗೆ ಕೌಶಲದ ಭಾಗವೇ ಬೆನ್ನೆಲುಬು. ಅದಕ್ಕೆ ಪುಟದ ಪೂರ್ತಿ ಅಗಲ ಬೇಕು.

ಟೆಂಪ್ಲೇಟ್ ತೆರೆದ ಮೇಲೆ ಮೊದಲು ಮಾಡಬೇಕಾದ್ದು ಅದರ ಕಟ್ಟನ್ನು ಬಿಚ್ಚುವುದು. ಹೆಸರಿನ ಕೆಳಗೆ, ಅನುಭವಕ್ಕಿಂತ ಮೇಲೆ, ‘ಮುಖ್ಯ ಕೆಲಸಗಳು’ ಎಂಬ ಹೊಸ ಶೀರ್ಷಿಕೆ ಹಾಕಿ. ಎಲ್ಲ ಕಡೆಯೂ ಮಾಡಿದ ಕೆಲಸವನ್ನು ನಾಲ್ಕೈದು ಸಾಲಿನಲ್ಲಿ ಇಲ್ಲಿ ಒಮ್ಮೆ ಮಾತ್ರ ಹೇಳಿ. ಆಮೇಲೆ ಒಂದೊಂದು ಕೆಲಸದ ಕೆಳಗೂ ಆ ಜಾಗದಲ್ಲಿ ಮಾತ್ರ ಇದ್ದದ್ದನ್ನು ಬರೆಯಿರಿ: ಕೆಲಸದ ಗಾತ್ರ, ಬಳಸಿದ ಸಾಫ್ಟ್‌ವೇರ್, ಗ್ರಾಹಕರ ಬಗೆ, ಹೊಸದಾಗಿ ಹೆಗಲಿಗೆ ಬಂದ ಹೊಣೆ, ನೀವಿದ್ದಾಗ ಆದ ಬದಲಾವಣೆ.

ಲೆಕ್ಕಪತ್ರ ವಿಭಾಗದ ಉದಾಹರಣೆ ನೋಡಿ. ‘ಬಿಲ್ ಪರಿಶೀಲನೆ, ಲೆಡ್ಜರ್ ನಿರ್ವಹಣೆ, ತಿಂಗಳ ವರದಿ’ ಎಂಬುದು ಮೂರೂ ಕಡೆ ಇದ್ದರೆ ಅದು ಮೇಲಕ್ಕೆ ಹೋಗಲಿ. ಕೆಳಗೆ ಮೊದಲ ಕೆಲಸಕ್ಕೆ ‘ಕೈಬರಹದ ಲೆಡ್ಜರನ್ನು ಸ್ಪ್ರೆಡ್‌ಶೀಟಿಗೆ ತಂದದ್ದು’, ಎರಡನೆಯದಕ್ಕೆ ‘3 ಶಾಖೆಗಳ ಲೆಕ್ಕ ಒಟ್ಟುಗೂಡಿಸಿದ್ದು’, ಮೂರನೆಯದಕ್ಕೆ ‘2 ಹೊಸಬರಿಗೆ ತರಬೇತಿ, ಆಡಿಟ್‌ಗೆ ಕಡತ ಸಿದ್ಧತೆ’. ಕೆಲಸ ಅದೇ ಆದರೂ ಮನುಷ್ಯ ಬೆಳೆದದ್ದು ಕಾಣುತ್ತದೆ. ಈಗಿನ ಕೆಲಸಕ್ಕೆ ನಾಲ್ಕೈದು ಸಾಲು, ಹಿಂದಿನದಕ್ಕೆ ಎರಡು, ಅದಕ್ಕೂ ಹಳೆಯದಕ್ಕೆ ಒಂದು ಸಾಕು. ಸಮಾನ ಉದ್ದಕ್ಕಾಗಿ ಎಳೆದಾಡುವುದೇ ಪುನರಾವರ್ತನೆಗೆ ದಾರಿ.

ಏನೂ ವ್ಯತ್ಯಾಸ ಹೊಳೆಯದಿದ್ದರೆ ಆ ಕೆಲಸಕ್ಕೆ ಸಂಸ್ಥೆ, ಹುದ್ದೆ, ಅವಧಿ ಅಷ್ಟೇ ಇರಲಿ. ಆದರೆ ಅವಧಿಗಳನ್ನೇ ಕಿತ್ತುಹಾಕಿ ಬರೀ ಕೌಶಲಗಳ ರೆಸ್ಯೂಮೆ ಮಾಡಬೇಡಿ. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಏಜೆನ್ಸಿಯ ಮೂಲಕ ಹಲವು ಕಡೆ ದುಡಿದಿದ್ದರೆ ಏಜೆನ್ಸಿಯ ಹೆಸರೊಂದನ್ನೇ ಶೀರ್ಷಿಕೆ ಮಾಡಿ, ಕೆಲಸ ಮಾಡಿದ ಜಾಗಗಳನ್ನು ಅದರಡಿ ಒಂದೊಂದು ಸಾಲಿನಲ್ಲಿ ಕೊಡಿ.

ಡಾಕ್ಸ್‌ನ ನಿಜವಾದ ಬಲ ಟೆಂಪ್ಲೇಟಿನಲ್ಲಿಲ್ಲ, ಸುತ್ತಲಿನ ಸೌಲಭ್ಯಗಳಲ್ಲಿದೆ. ಕಂಟ್ರೋಲ್ ಎಫ್ ಒತ್ತಿ ‘ನಿರ್ವಹಣೆ’ಯಂಥ ಪದ ಹುಡುಕಿದರೆ ಎಷ್ಟು ಸಲ ಬಂದಿದೆ ಎಂಬ ಎಣಿಕೆ ಅಲ್ಲೇ ಕಾಣುತ್ತದೆ. ಎಲ್ಲ ಕೆಲಸಗಳ ಎಲ್ಲ ವಿವರವೂ ಇರುವ ಒಂದು ಮೂಲ ಕಡತ ಇಟ್ಟುಕೊಂಡು, ಪ್ರತಿ ಅರ್ಜಿಗೂ ಫೈಲ್ ಮೆನುವಿನಿಂದ ಅದರ ಪ್ರತಿ ತೆಗೆದು, ಆ ಜಾಹೀರಾತಿಗೆ ಸಂಬಂಧಿಸದ ಸಾಲುಗಳನ್ನು ಅಳಿಸುವುದು ಸುಲಭ. ಯಾವ ಸಂಸ್ಥೆಗೆ ಎಂಬುದನ್ನು ಕಡತದ ಹೆಸರಿನಲ್ಲೇ ಸೇರಿಸಿ.

ವರ್ಡ್ ಕಡತವಾಗಿ ಇಳಿಸಿದರೆ ಫಾಂಟ್, ಅಂತರಗಳು ಸರಿದಾಡುವುದುಂಟು. ಸಂಸ್ಥೆ ಅದನ್ನೇ ಕೇಳದಿದ್ದರೆ ಪಿಡಿಎಫ್ ಕಳಿಸಿ. ಕಳಿಸುವ ಮೊದಲು ಪಿಡಿಎಫ್‌ನ ಪೂರ್ತಿ ಪಠ್ಯವನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಹುದ್ದೆ, ಸಂಸ್ಥೆ, ಅವಧಿ ಜೊತೆಜೊತೆಗೇ ಬಂದರೆ ಸರಿ. ಅವಧಿ ಬೇರೆ ಕೆಲಸದ ಪಕ್ಕಕ್ಕೆ ಹಾರಿದ್ದರೆ ಆ ಸಾಲಿನಲ್ಲಿ ಟ್ಯಾಬ್, ಟೇಬಲ್ ಬಿಟ್ಟು ಅಲ್ಪವಿರಾಮ ಹಾಕಿ ಬರೆಯಿರಿ. ಟೆಂಪ್ಲೇಟಿನಲ್ಲಿ ಜಾಗ ತುಂಬಲೆಂದು ಹಾಕಿರುವ ‘ಲೋರೆಮ್ ಇಪ್ಸಮ್’ ಎಂಬ ಅರ್ಥವಿಲ್ಲದ ಪಠ್ಯ ಎಲ್ಲಾದರೂ ಉಳಿದಿದೆಯೇ ಎಂದೂ ಅಲ್ಲೇ ನೋಡಿಬಿಡಿ. ಕೊನೆಯ ಪ್ಯಾರಾದಲ್ಲಿ ಅದು ಕಣ್ತಪ್ಪಿ ಉಳಿಯುವುದು ಸಾಮಾನ್ಯ.